ಕುಮಾವೂನ್ ಬೆಟ್ಟದ ಭಂಗಿ ಬೀಜ: ಕಾಸರಗೋಡಿನ ಅಡುಗೆಮನೆಗೆ ಎಷ್ಟು ಹೊಂದುತ್ತದೆ?

ಉತ್ತರಾಖಂಡದ ಕುಮಾವೂನ್ ಬೆಟ್ಟಗಳಿಂದ ಬರುವ ಸಿಪ್ಪೆ ಸಹಿತ ಭಂಗಿ ಬೀಜದ (ಗಾಂಜಾ ಕೊಡುವ ಗಿಡದ್ದೇ ಬೀಜ) ಕಾಲು ಕಿಲೋ ಪೊಟ್ಟಣ ಈಗ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಮನೆಗಳಿಗೂ ಕೊರಿಯರ್‌ನಲ್ಲಿ ತಲುಪುತ್ತದೆ. ಕೊಳ್ಳುವವರಲ್ಲಿ ಕೆಲವರು ಇದನ್ನು ಔಷಧ ಎಂದು ಕೊಳ್ಳುತ್ತಾರೆ, ಇನ್ನು ಕೆಲವರು ಕುತೂಹಲಕ್ಕೆ. ಎರಡೂ ಕಾರಣಗಳಿಗೆ ಇದು ನಿರಾಸೆ ತರಬಹುದು. ಆದರೆ ಎಳ್ಳು, ಹುಚ್ಚೆಳ್ಳುಗಳ ಸಾಲಿನಲ್ಲಿ ನಿಲ್ಲುವ ಒಂದು ಅಡುಗೆ ಬೀಜ ಎಂದು ಕೊಂಡು, ಹುರಿದು, ಅರೆದು, ಸೋಸಿ ಬಳಸುವ ವ್ಯವಧಾನ ಇದ್ದವರಿಗೆ ಇದರಷ್ಟು ರುಚಿ ಕೊಡುವ ಹೊಸ ಸಾಮಾನು ಇತ್ತೀಚೆಗೆ ನಮ್ಮ ಕಡೆಗೆ ಬಂದಿಲ್ಲ. ಪೊಟ್ಟಣ ಒಡೆದು ಹಾಗೇ ಗಂಜಿಯ ಮೇಲೆ ಉದುರಿಸಿ ತಿನ್ನುವವರಿಗೆ ಮಾತ್ರ ಇದು ಬೇಡ. ಸಿಪ್ಪೆ ಹಲ್ಲಿಗೆ ಮರಳಿನಂತೆ ಸಿಗುತ್ತದೆ, ಒಳಗಿನ ತಿರುಳಿನ ರುಚಿ ನಾಲಿಗೆಗೆ ತಲುಪುವುದೇ ಇಲ್ಲ.

ಇದು ಕಂಪೆನಿಯ ಬೀಜವಲ್ಲ, ಊರ ತಳಿ. ಅಲ್ಮೋರಾ, ಬಾಗೇಶ್ವರ, ಪಿಥೋರಾಗಢ, ಚಂಪಾವತ್ ಕಡೆಯ ಹಳ್ಳಿಗಳಲ್ಲಿ ಮನೆಯ ಹಿಂದೆ, ಹಟ್ಟಿಯ ಪಕ್ಕ, ಗೊಬ್ಬರದ ಸಾರ ಇಳಿಯುವ ಮೆಟ್ಟಿಲು ಗದ್ದೆಯ ಅಂಚಿನಲ್ಲಿ ತಲೆಮಾರುಗಳಿಂದ ಉಳಿದು ಬಂದಿರುವ ಎತ್ತರದ ಗಿಡ. ಗಂಡು ಗಿಡವನ್ನು ಮೊದಲು ಕಿತ್ತು ನಾರಿಗೆ ನೆನೆಹಾಕುತ್ತಾರೆ, ಹೆಣ್ಣು ಗಿಡವನ್ನು ಬೀಜ ಬಲಿಯುವ ತನಕ ನಿಲ್ಲಿಸುತ್ತಾರೆ. ಆ ನಾರಿನಿಂದ ಹಗ್ಗ, ಚೀಲ, ಭಂಗೇಲಾ ಎಂಬ ಒರಟು ಬಟ್ಟೆ ಆಗುತ್ತಿತ್ತು. ಈಗ ಹಗ್ಗಕ್ಕೆ ಪ್ಲಾಸ್ಟಿಕ್ ಬಂದು ನಾರಿನ ಕೆಲಸ ಬಹುತೇಕ ನಿಂತಿದೆ. ಬೀಜದ ಚಟ್ನಿ ಮಾತ್ರ ಅಲ್ಲಿ ಪ್ರತಿ ಮನೆಯ ಚಳಿಗಾಲದ ಊಟದಲ್ಲಿ ಉಳಿದುಕೊಂಡಿದೆ. ಬೇಡಿಕೆ ಬಂದರೆ ತಳಿ ಉಳಿಯುತ್ತದೆ, ಬರದಿದ್ದರೆ ಗದ್ದೆಯ ಅಂಚಿನಿಂದಲೂ ಹೋಗುತ್ತದೆ. ಈ ಪೊಟ್ಟಣವನ್ನು ಗಂಭೀರವಾಗಿ ನೋಡಬೇಕಾದ ಒಂದು ಕಾರಣ ಅದೇ.

ಕಾನೂನಿನ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಅಬಕಾರಿಯವರ ತಪಾಸಣೆ ಬಿಗಿ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಭಂಗಿ ಗಿಡದ ಹೂ ಅಥವಾ ಕಾಯಿ ಕಟ್ಟಿದ ತುದಿ. ಆ ತುದಿಗಳು ಜೊತೆಯಲ್ಲಿ ಇಲ್ಲದ ಬೀಜ ಮತ್ತು ಎಲೆ ಆ ವ್ಯಾಖ್ಯೆಯಿಂದ ಹೊರಗೆ. ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟನ್ನು ಆಹಾರವಾಗಿ ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2021ರ ನವೆಂಬರ್‌ನಲ್ಲಿ ನಿಯಮ ತಂದಿತು. ಟಿಎಚ್‌ಸಿ ಎಂಬ ಅಮಲಿನ ಅಂಶಕ್ಕೆ ಮಿತಿ ಇದೆ, ಪೊಟ್ಟಣದ ಮೇಲೆ ಗಿಡದ ಎಲೆಯ ಚಿತ್ರ ಹಾಕುವಂತಿಲ್ಲ, ಅಮಲಿನ ಸೂಚನೆ ಇರಬಾರದು. ಆದ್ದರಿಂದ ಎಲೆಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿದ ಪೊಟ್ಟಣ ಕಂಡರೆ, ಒಳಗಿನ ಮಾಲು ಹೇಗೇ ಇರಲಿ, ಮಾರುವವನಿಗೆ ನಿಯಮ ಗೊತ್ತಿಲ್ಲ ಅಥವಾ ಗೊತ್ತಿದ್ದೂ ಲೆಕ್ಕಿಸಿಲ್ಲ ಎಂದು ತಿಳಿದು ಬಿಟ್ಟುಬಿಡಿ. 14 ಅಂಕೆಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಲೇಬೇಕು. ಬಿಲ್ಲನ್ನು ಪೊಟ್ಟಣ ಮುಗಿಯುವ ತನಕ ಎತ್ತಿಡಿ.

ಬಿತ್ತುವ ಯೋಚನೆ ಸುತರಾಂ ಬೇಡ. ಪರವಾನಗಿ ಇಲ್ಲದೆ ಒಂದು ಗಿಡ ಬೆಳೆಸಿದರೂ ಅಪರಾಧ. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹುರಿಯದ ಬೀಜದಲ್ಲಿ ಮೊಳೆಯುವ ಶಕ್ತಿ ಉಳಿದಿರಬಹುದು. ಗೆರಸೆಯಲ್ಲಿ ಗೇರಿದ ಕಸವನ್ನು ಅಂಗಳದ ಮೂಲೆಗೋ ತೆಂಗಿನ ಬುಡಕ್ಕೋ ಎಸೆದರೆ ಜೂನ್ ಮಳೆಗೆ ಅಲ್ಲಿ ಮೊಳಕೆ ಕಾಣಿಸಿಕೊಳ್ಳುತ್ತದೆ, ಆಮೇಲೆ ವಿವರಣೆ ಕೊಡುತ್ತ ನಿಲ್ಲಬೇಕಾಗುತ್ತದೆ. ಕಸವನ್ನು ಒಲೆಗೆ ಹಾಕಿ.

ಇನ್ನು ಪೊಟ್ಟಣದ ಒಳಗೆ ಏನಿರಬೇಕು ಎಂಬುದು. ಬೆಟ್ಟದ ಬೀಜ ಸುಮಾರು ಮೂರು ಮಿಲಿಮೀಟರ್ ಉದ್ದ, ಮೊಟ್ಟೆಯ ಆಕಾರ, ಎರಡೂ ಪಕ್ಕದಲ್ಲಿ ತೆಳುವಾದ ಏಣು. ಬೂದು, ಕಂದು, ಹಸಿರು ಮಿಶ್ರಿತ ಬಣ್ಣದ ಮೇಲೆ ಕಪ್ಪು ಗೆರೆಗಳ ಬಲೆ. ಎಲ್ಲ ಬೀಜ ಒಂದೇ ಗಾತ್ರ, ಒಂದೇ ಬಣ್ಣ ಇದ್ದರೆ ಅದು ಬೆಟ್ಟದ ಮನೆಗಳಿಂದ ಕೂಡಿಸಿದ ಮಾಲಲ್ಲ, ದೊಡ್ಡ ಹೊಲದಲ್ಲಿ ಬೆಳೆದ ಸುಧಾರಿತ ತಳಿ. ತಿನ್ನಲು ಅದೂ ಅಡ್ಡಿಯಿಲ್ಲ, ಆದರೆ "ಪಹಾಡಿ" ಎಂದು ಹೆಚ್ಚು ಬೆಲೆ ತೆಗೆದುಕೊಳ್ಳುವ ಹಕ್ಕು ಅದಕ್ಕಿಲ್ಲ. ಊರ ತಳಿಯಲ್ಲಿ ಒಂದು ಹಿಡಿಯಲ್ಲೇ ಮೂರು ನಾಲ್ಕು ಛಾಯೆ ಕಾಣುತ್ತದೆ. ತೀರಾ ಸಣ್ಣ, ಕಡು ಬಣ್ಣದ ಬೀಜವೇ ಹೆಚ್ಚಿದ್ದರೆ ಅದು ತಾನಾಗಿ ಹುಟ್ಟಿದ ಕಾಡು ಗಿಡದ ಬೀಜ. ಅದರಲ್ಲಿ ಸಿಪ್ಪೆಯ ಪಾಲು ಜಾಸ್ತಿ, ತಿರುಳು ಕಡಿಮೆ, ಅರೆದಾಗ ಹಾಲು ಕಡಿಮೆ ಇಳಿಯುತ್ತದೆ. ಹಸಿರು ಬಣ್ಣದ, ಉಗುರಿನಲ್ಲಿ ಒತ್ತಿದರೆ ಚಪ್ಪಟೆಯಾಗುವ ಬೀಜ ಬಲಿಯುವ ಮೊದಲೇ ಕೊಯ್ದದ್ದು. ಅದು ಕಹಿ.

ಭಂಗಜೀರಾ ಎಂಬ ಇನ್ನೊಂದು ಬೆಟ್ಟದ ಬೀಜ ಇದೆ, ಅಂಗಡಿಗಳು ಎರಡನ್ನೂ ಒಂದೇ ಪುಟದಲ್ಲಿ ಮಾರುತ್ತವೆ, ಕೆಲವು ಕಡೆ ಅದಲುಬದಲಾಗಿಯೂ ಕಳಿಸುತ್ತಾರೆ. ಅದು ಪೆರಿಲ್ಲಾ, ತುಳಸಿ ಪುದೀನಾಗಳ ಬಳಗದ ಗಿಡ, ಭಂಗಿಗೂ ಅದಕ್ಕೂ ಸಂಬಂಧವಿಲ್ಲ. ಬೀಜ ದುಂಡಗೆ, ಸಾಸಿವೆಯ ಗಾತ್ರ, ಏಣು ಇಲ್ಲ, ಬೆರಳಲ್ಲಿ ಉಜ್ಜಿದರೆ ಪರಿಮಳ ಬರುತ್ತದೆ. ಅದರ ಚಟ್ನಿಯೂ ಚೆನ್ನಾಗಿರುತ್ತದೆ, ಆದರೆ ಕೆಳಗೆ ಹೇಳುವ ಅಳತೆ ಅದಕ್ಕೆ ಒಪ್ಪುವುದಿಲ್ಲ.

ಬಂದ ಕೂಡಲೇ ಒಂದು ಚಮಚ ಬೀಜವನ್ನು ಬಿಳಿ ಬಸಿಯಲ್ಲಿ ಹರಡಿ ನೋಡಿ. ಒಣ ಎಲೆಯ ಪುಡಿ, ಹೂವಿನ ಪಕಳೆಯಂಥ ಹಸಿರು ಚೂರುಗಳು ಇದ್ದರೆ ಅದು ಬರೀ ಕಸದ ಪ್ರಶ್ನೆಯಲ್ಲ. ಬೀಜದ ಒಳಗೆ ಅಮಲಿನ ಅಂಶ ಇರುವುದಿಲ್ಲ, ಅದು ಬೀಜವನ್ನು ಸುತ್ತಿರುವ ಹೂದಳದ ಅಂಟಿನಲ್ಲಿರುತ್ತದೆ. ಸರಿಯಾಗಿ ಗೇರದ ಮಾಲಿನಲ್ಲಿ ಆ ಅಂಟು ಬೀಜದ ಮೈಗೆ ಹತ್ತಿಕೊಂಡೇ ಬರುತ್ತದೆ. ಹಸಿರು ಚೂರು ಕಾಲು ಕಿಲೋದಲ್ಲಿ ಒಂದು ಚಮಚಕ್ಕಿಂತ ಹೆಚ್ಚು ಸಿಕ್ಕಿದರೆ ತಿರುಗಿ ಕಳಿಸಿ. ನಂತರ ಎರಡು ಬೀಜ ಕಚ್ಚಿ ನೋಡಿ: ತಿರುಳು ಬೆಳ್ಳಗೆ, ಸಿಹಿಗೆ ಹತ್ತಿರದ ರುಚಿ ಇರಬೇಕು. ಹಳದಿ ತಿರುಗಿ, ಗಂಟಲಲ್ಲಿ ಕೆರೆತ, ಬಾಗಿಲಿಗೆ ಬಳಿಯುವ ಎಣ್ಣೆಬಣ್ಣದ ವಾಸನೆ ಬಂದರೆ ಎಣ್ಣೆ ಕನರಿದೆ. ಹುರಿದರೆ ಆ ವಾಸನೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಇನ್ನೂ ಎದ್ದು ಬರುತ್ತದೆ.

ಶುಚಿ ಮಾಡುವ ಕ್ರಮ ಸರಳ, ಆದರೆ ಬಿಡುವಂತಿಲ್ಲ. ಮೊದಲು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು ಪುಡಿ ಮಣ್ಣು ಉದುರಿಸಿ. ಗೆರಸೆಯಲ್ಲಿ ಗೇರಿ ಹೊಟ್ಟು ಹಾರಿಸಿ. ಆಮೇಲೆ ಅಗಲ ಪಾತ್ರೆಯಲ್ಲಿ ನೀರು ಹಾಕಿ ಬೀಜ ಸುರಿದು ಕೈಯಿಂದ ಚೆನ್ನಾಗಿ ತಿಕ್ಕಿ. ಈ ತಿಕ್ಕುವುದರಿಂದಲೇ ಮೈಗೆ ಹತ್ತಿದ ಅಂಟು ಬಹುಪಾಲು ಬಿಡುತ್ತದೆ. ತೇಲಿದ್ದೆಲ್ಲ ಜೊಳ್ಳು ಎಂದು ತಕ್ಷಣ ಬಸಿದುಬಿಡಬೇಡಿ. ಎಣ್ಣೆಯ ಬೀಜವಾದ್ದರಿಂದ ಗಟ್ಟಿ ಬೀಜವೂ ಮೊದಲಿಗೆ ನೀರಿನ ಮೇಲೆ ನಿಲ್ಲುತ್ತದೆ. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಕಲಸಿದ ಮೇಲೂ ತೇಲಿದ್ದನ್ನು ತೆಗೆಯಿರಿ. ತಳಕ್ಕಿಳಿದದ್ದನ್ನು ಅಕ್ಕಿ ಗಾಳಿಸುವ ಹಾಗೆ ಗಾಳಿಸಲೇಬೇಕು, ಬೆಟ್ಟದ ಅಂಗಳದಲ್ಲಿ ಬಡಿದ ಬೀಜದಲ್ಲಿ ಇದೇ ಗಾತ್ರದ, ಇದೇ ಬಣ್ಣದ ಕಲ್ಲು ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೇಸಿಗೆಯಾದರೆ ಬಟ್ಟೆಯ ಮೇಲೆ ನೆರಳಿನಲ್ಲಿ ಒಂದು ದಿನ ಒಣಗಿಸಿ. ಮಳೆಗಾಲದಲ್ಲಿ ತೊಳೆದು ಒಣಗಿಸುವ ಪ್ರಯತ್ನವೇ ಬೇಡ, ಮರುದಿನಕ್ಕೆ ಮುಗ್ಗಲು ಹಿಡಿಯುತ್ತದೆ. ಅಂದಿಗೆ ಬೇಕಾದಷ್ಟನ್ನು ಮಾತ್ರ ತೊಳೆದು, ಬಸಿದು, ನೇರ ಬಾಣಲೆಗೆ ಹಾಕಿ.

ಹುರಿಯುವುದರಲ್ಲೇ ಈ ಬೀಜದ ಹಣೆಬರಹ ನಿಂತಿದೆ. ದಪ್ಪ ತಳದ ಕಬ್ಬಿಣದ ಬಾಣಲೆ, ಸಣ್ಣ ಉರಿ, ಒಂದು ಸಲಕ್ಕೆ 100 ಗ್ರಾಂಗಿಂತ ಹೆಚ್ಚಿಲ್ಲ. ಬೀಜ ಒಂದೇ ಪದರದಲ್ಲಿ ಹರಡಬೇಕು. ಎರಡು ಪದರ ಆದರೆ ಕೆಳಗಿನದು ಕರಿದು ಮೇಲಿನದು ಹಸಿ ಉಳಿಯುತ್ತದೆ. ಒಣ ಬೀಜವಾದರೆ ಮೂರು ನಾಲ್ಕು ನಿಮಿಷಕ್ಕೆ ಚಟಪಟ ಶುರುವಾಗುತ್ತದೆ. ಬೀಜ ಹಾರುತ್ತದೆ, ಅರ್ಧ ಮುಚ್ಚಳ ಹಿಡಿದುಕೊಂಡೇ ಕೈಯಾಡಿಸಿ. ಮೊದಲ ಚಟಪಟಕ್ಕೆ ಇಳಿಸಿದರೆ ಹಸಿ ಹುಲ್ಲಿನ ವಾಸನೆ ಉಳಿಯುತ್ತದೆ. ಸದ್ದು ಒಂದರ ಮೇಲೊಂದು ಎಡೆಬಿಡದೆ ಬರತೊಡಗಿ, ಹುರಿದ ಎಳ್ಳಿಗಿಂತ ಸ್ವಲ್ಪ ಗಾಢವಾದ, ಮಣ್ಣಿನ ಛಾಯೆಯ ಪರಿಮಳ ಎದ್ದಾಗ, ಅಂದರೆ ಒಟ್ಟು ಐದಾರು ನಿಮಿಷಕ್ಕೆ, ಇಳಿಸಿ ಕೂಡಲೇ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಕಬ್ಬಿಣದ ಬಿಸಿ ಹುರಿಯುತ್ತಲೇ ಇರುತ್ತದೆ. ಹೊಗೆ ಕಂಡರೆ ಆ ಬಾಣಲೆಯ ಮಾಲು ಹೋಯಿತೆಂದೇ ಲೆಕ್ಕ: ಈ ಎಣ್ಣೆ ಕೊಬ್ಬರಿ ಎಣ್ಣೆಯಂತೆ ಬಿಸಿ ತಾಳುವುದಿಲ್ಲ, ಬೇಗ ಒಡೆದು ಕಹಿಯಾಗುತ್ತದೆ, ಆ ಕಹಿಯನ್ನು ಹುಳಿಯೂ ಬೆಲ್ಲವೂ ಮುಚ್ಚುವುದಿಲ್ಲ. ಒಂದು ಬೀಜ ಕಚ್ಚಿದಾಗ ಸಿಪ್ಪೆ ಗರಿಗರಿಯಾಗಿ ಒಡೆದು, ತಿರುಳು ತಿಳಿ ಕಂದು ಬಣ್ಣಕ್ಕೆ ತಿರುಗಿದ್ದರೆ ಹದ ಸರಿ.

ಒಗ್ಗರಣೆಗೆ ಸಾಸಿವೆಯ ಬದಲು ಇದನ್ನು ಹಾಕುವವರಿದ್ದಾರೆ. ಬೇಡ. ಕಾದ ಎಣ್ಣೆಯಲ್ಲಿ ಸಿಪ್ಪೆ ಇನ್ನಷ್ಟು ಗಟ್ಟಿಯಾಗುತ್ತದೆ.

ಚಟ್ನಿಯ ಅಳತೆ ಹೀಗೆ. ಹುರಿದ ಬೀಜ 50 ಗ್ರಾಂ, ಹುರಿದ ಜೀರಿಗೆ ಒಂದು ಚಹಾ ಚಮಚ, ಹಸಿಮೆಣಸು ನಾಲ್ಕು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಮುಕ್ಕಾಲು ಚಮಚ ಉಪ್ಪು, ಅರ್ಧ ಚಮಚ ಸಕ್ಕರೆ, ಒಂದು ದೊಡ್ಡ ಲಿಂಬೆಯ ರಸ. ಮೊದಲು ಬೀಜ, ಜೀರಿಗೆ, ಉಪ್ಪನ್ನು ಮಾತ್ರ ಸಣ್ಣ ಜಾರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ಪುಡಿ ಮಾಡಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗಿ ಬ್ಲೇಡಿನ ಅಡಿಯಲ್ಲಿ ಕೂರುತ್ತದೆ, ಮೇಲಿನ ಬೀಜ ಇಡಿಯಾಗಿಯೇ ಉಳಿಯುತ್ತದೆ. ಪುಡಿ ನಯವಾದ ಮೇಲೆ ಮೆಣಸು, ಸೊಪ್ಪು, ಮೂರು ನಾಲ್ಕು ದೊಡ್ಡ ಚಮಚ ನೀರು ಹಾಕಿ ಅರೆಯಿರಿ. ಲಿಂಬೆ ಕೊನೆಗೆ, ಕೈಯಲ್ಲಿ ಕಲಸುವಾಗ. ಕಡೆಯುವ ಕಲ್ಲು ಇರುವ ಮನೆಯಲ್ಲಿ ಅದರಲ್ಲೇ ಅರೆಯಿರಿ. ವ್ಯತ್ಯಾಸ ದೊಡ್ಡದು, ಏಕೆಂದರೆ ಕಲ್ಲು ಸಿಪ್ಪೆಯನ್ನು ನುಣ್ಣಗೆ ಜಜ್ಜುತ್ತದೆ, ಮಿಕ್ಸಿ ಅದನ್ನು ಕತ್ತರಿಸುತ್ತದಷ್ಟೆ, ಆ ಚೂರುಗಳೇ ಹಲ್ಲಿಗೆ ಸಿಗುವುದು. ಮಿಕ್ಸಿಯಲ್ಲಿ ಮಾಡಿದ್ದು ಒರಟೆನಿಸಿದರೆ ಚಹಾ ಸೋಸುವ ಜಾಲರಿಗಿಂತ ಸ್ವಲ್ಪ ದೊಡ್ಡ ಕಣ್ಣಿನದರಲ್ಲಿ ಒತ್ತಿ ಇಳಿಸಿ.

ನಮ್ಮ ಕಡೆಯ ಹುಳಿಗಳಲ್ಲಿ ಇದಕ್ಕೆ ಬಿಂಬುಳಿ ಚೆನ್ನಾಗಿ ಕೂಡುತ್ತದೆ: ನಾಲ್ಕು ಎಳೆ ಕಾಯಿ, ಲಿಂಬೆ ಬಿಟ್ಟು, ನೀರನ್ನೂ ಬಿಟ್ಟು. ಹಸಿಮೆಣಸಿನ ಜಾಗದಲ್ಲಿ ಐದಾರು ಗಾಂಧಾರಿ ಮೆಣಸು ಹಾಕಿದರೆ ಕುಚ್ಚಲಕ್ಕಿ ಗಂಜಿಗೆ ಇದಕ್ಕಿಂತ ಒಳ್ಳೆಯ ನೆಂಚಿಕೆ ಬೇಕಿಲ್ಲ. ಪುನರ್ಪುಳಿ ಹಾಕಿದರೆ ಬಣ್ಣ ಕೆಸರಿನಂತಾಗುತ್ತದೆ. ಹುಣಸೆ ಬೀಜದ ಪರಿಮಳವನ್ನು ನುಂಗಿಬಿಡುತ್ತದೆ. ತೆಂಗಿನಕಾಯಿ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ದೋಸೆಯ ಚಟ್ನಿಗಾದರೆ ಎರಡು ಪಾಲು ಕಾಯಿಗೆ ಒಂದು ಪಾಲು ಬೀಜ ಸರಿ, ಅದಕ್ಕಿಂತ ಕಾಯಿ ಜಾಸ್ತಿಯಾದರೆ ಭಂಗಿ ಬೀಜ ಹಾಕಿದ್ದೇ ವ್ಯರ್ಥ. ಬಣ್ಣದ ಬಗ್ಗೆ ಮೊದಲೇ ತಿಳಿದಿರಲಿ, ಬೂದು ಮಿಶ್ರಿತ ಹಸಿರು, ನೋಡಲು ಆಕರ್ಷಕವಲ್ಲ. ಚಟ್ನಿ ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಮೂರನೆಯ ದಿನಕ್ಕೆ ಪರಿಮಳ ಇಳಿಯುತ್ತದೆ.

ಚಟ್ನಿಗಿಂತಲೂ ಈ ಬೀಜದ ಬೆಲೆ ತಿಳಿಯುವುದು ಅದರ ರಸದಲ್ಲಿ. ಕುಮಾವೂನ್‌ನಲ್ಲಿ ಗಡೇರಿ ಎಂಬ ಕೆಸುವಿನ ಗೆಡ್ಡೆಯನ್ನು ಭಂಗಿ ಬೀಜ ಅರೆದು ಸೋಸಿದ ಹಾಲಿನಲ್ಲಿ ಬೇಯಿಸುತ್ತಾರೆ. ಕೆಸು ನಮ್ಮ ಹಿತ್ತಿಲಿನದೇ ಆದ್ದರಿಂದ ಈ ಅಡುಗೆಯನ್ನು ಇಲ್ಲಿ ಒಂದು ಚೂರೂ ಬದಲಿಸದೆ ಮಾಡಬಹುದು. ಅರ್ಧ ಕಿಲೋ ಗೆಡ್ಡೆಗೆ 75 ಗ್ರಾಂ ಹುರಿದ ಬೀಜ. ಬೀಜವನ್ನು 200 ಮಿಲಿ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅದೇ ನೀರಿನ ಜೊತೆ ಎರಡು ನಿಮಿಷ ಅರೆದು, ತೆಳು ಬಟ್ಟೆಯಲ್ಲಿ ಹಿಂಡಿ. ಇದು ಮೊದಲ ಹಾಲು. ಚರಟಕ್ಕೆ 300 ಮಿಲಿ ನೀರು ಸೇರಿಸಿ ಮತ್ತೆ ಅರೆದು ಹಿಂಡಿದರೆ ಎರಡನೆಯದು. ಎರಡನ್ನೂ ಬೇರೆ ಬೇರೆ ಇಡಿ.

ಗೆಡ್ಡೆಯನ್ನು ಕೈಗೆ ಎಣ್ಣೆ ಸವರಿಕೊಂಡು ಸಿಪ್ಪೆ ತೆಗೆದು ಎರಡು ಸೆಂಟಿಮೀಟರ್ ತುಂಡು ಮಾಡಿ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ (ಅಲ್ಲಿ ಸಾಸಿವೆ ಎಣ್ಣೆ, ಇಲ್ಲಿ ತೆಂಗಿನೆಣ್ಣೆಯೂ ನಡೆಯುತ್ತದೆ) ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟು ತುಂಡುಗಳನ್ನು ಐದು ನಿಮಿಷ ಬಾಡಿಸಿ. ಅಂಚು ಒಣಗಿದಂತೆ ಕಾಣಬೇಕು, ಇಲ್ಲದಿದ್ದರೆ ಬೇಯುವಾಗ ಲೋಳೆ ಬಿಟ್ಟು ಸಾರು ಜಿಗುಟಾಗುತ್ತದೆ. ಅರಿಶಿನ ಅರ್ಧ ಚಮಚ, ಕೊತ್ತಂಬರಿ ಪುಡಿ ಎರಡು ಚಮಚ, ಮೆಣಸಿನ ಪುಡಿ ಒಂದು ಚಮಚ, ಉಪ್ಪು. ಎರಡನೆಯ ಹಾಲು ಹೊಯ್ದು ಮುಚ್ಚಿ ಹದಿನೈದರಿಂದ ಇಪ್ಪತ್ತು ನಿಮಿಷ ಬೇಯಿಸಿ. ಗೆಡ್ಡೆ ಪೂರ್ತಿ ಬೆಂದ ಮೇಲೆ ಮೊದಲ ಹಾಲು ಹಾಕಿ, ಸಣ್ಣ ಉರಿಯಲ್ಲಿ ಐದು ನಿಮಿಷ, ಕೊತಕೊತ ಕುದಿ ಬರದಂತೆ. ಇಳಿಸಿದ ಮೇಲೆ ಒಂದು ಲಿಂಬೆ.

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂದು ತಿಳಿದಿರಬೇಕು. ಭಂಗಿ ಬೀಜದ ಹಾಲಿನಲ್ಲಿ ಎಡೆಸ್ಟಿನ್ ಎಂಬ ಪ್ರೋಟೀನ್ ಹೇರಳವಾಗಿದೆ, ಜೋರು ಬಿಸಿಗೂ ಹುಳಿಗೂ ಅದು ಗಟ್ಟಿಯಾಗಿ ಒಡೆದ ಹಾಲಿನಂತೆ ಚೂರು ಚೂರಾಗುತ್ತದೆ. ಕೆಸುವಿನ ಗಂಜಿಯಂಥ ಪಿಷ್ಟ ಆ ಚೂರುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಾರು ನಯವಾಗಿಯೇ ಉಳಿಯುತ್ತದೆ. ಬೆಟ್ಟದವರು ಕೆಸುವನ್ನೇ ಆರಿಸಿಕೊಂಡದ್ದರಲ್ಲಿ ಇಷ್ಟು ಜಾಣತನ ಇದೆ. ಸೌತೆ, ಕುಂಬಳದಂಥ ನೀರು ಬಿಡುವ ತರಕಾರಿಗೆ ಇದೇ ಹಾಲು ಹಾಕಿದರೆ ಒಡೆದು ತಳಕ್ಕೆ ಕೂರುತ್ತದೆ. ಹಾಕಲೇಬೇಕೆಂದರೆ ಒಂದು ಚಮಚ ಅಕ್ಕಿಹಿಟ್ಟನ್ನು ಕದಡಿ ಮೊದಲೇ ಸೇರಿಸಿ. ಹುಳಿಯನ್ನು ಕೊನೆಗೆ ಹಾಕುವುದಕ್ಕೆ ಎರಡನೆಯ ಕಾರಣವೂ ಇದೆ, ಮೊದಲೇ ಹುಳಿ ಬಿದ್ದರೆ ಗೆಡ್ಡೆ ಮೆತ್ತಗಾಗುವುದಿಲ್ಲ. ಆದರೆ ಲಿಂಬೆಯನ್ನು ಪೂರ್ತಿ ಬಿಟ್ಟರೆ, ಗೆಡ್ಡೆ ಸ್ವಲ್ಪ ತುರಿಕೆಯ ಜಾತಿಯದ್ದಾದರೆ ಗಂಟಲು ಹಿಡಿಯುತ್ತದೆ. ಮುಂಡಿ ಗೆಡ್ಡೆಗೂ ಇದೇ ಅಳತೆ ಸಾಕು, ಬೇಯುವ ಹೊತ್ತು ಸ್ವಲ್ಪ ಜಾಸ್ತಿ. ಹಿಂಡಿ ಉಳಿದ ಚರಟವನ್ನು ಗೊಬ್ಬರದ ಗುಂಡಿಗೆ ಹಾಕಬಹುದು, ಹುರಿದು ಅರೆದದ್ದು ಮೊಳೆಯುವುದಿಲ್ಲ.

ಅಲ್ಲಿಯ ಚಳಿಗಾಲದ ಇನ್ನೊಂದು ತಿನಿಸು ಸಾನಾ ನಿಂಬು: ದೊಡ್ಡ ಬೆಟ್ಟದ ಲಿಂಬೆಯ ತೊಳೆಗಳನ್ನು ಬಿಡಿಸಿ, ಮೊಸರು, ಮೂಲಂಗಿ, ಬೆಲ್ಲ ಅಥವಾ ಸಕ್ಕರೆ, ಅರೆದ ಭಂಗಿ ಬೀಜ ಹಾಕಿ ಕಲಸುವುದು. ಇಲ್ಲಿ ಚಕ್ಕೋತದಲ್ಲಿ ಮಾಡಿದರೆ ಬಹಳ ಚೆನ್ನ. ಒಂದು ಹಣ್ಣಿಗೆ ಎರಡು ದೊಡ್ಡ ಚಮಚ ಹುರಿದ ಬೀಜದ ನಯವಾದ ಪುಡಿ, ಒಂದು ಲೋಟ ಗಟ್ಟಿ ಮೊಸರು. ಕಲಸಿ ಕೂಡಲೇ ತಿನ್ನಬೇಕು, ಅರ್ಧ ಗಂಟೆ ಇಟ್ಟರೆ ನೀರಾಗುತ್ತದೆ. ಇಡ್ಲಿ ಚಟ್ನಿಪುಡಿಯಲ್ಲಿ ಎಳ್ಳಿನ ಅರ್ಧ ಪಾಲನ್ನು ಇದಕ್ಕೆ ಬದಲಿಸಬಹುದು, ಪೂರ್ತಿ ಬದಲಿಸಿದರೆ ಒರಟು. ಪಿಸ್ಯೂ ಲೂಣ್ ಎಂಬ ಅರೆದ ಉಪ್ಪಿನ ಹಸಿ ಬೆಳ್ಳುಳ್ಳಿ, ಹಸಿ ಸೊಪ್ಪಿನ ರೂಪ ನಮ್ಮ ಹವೆಯಲ್ಲಿ ಒಂದೇ ದಿನಕ್ಕೆ ನೀರೊಡೆಯುತ್ತದೆ. ಒಣಮೆಣಸು, ಜೀರಿಗೆ, ಬೀಜ, ಕಲ್ಲುಪ್ಪು ಮಾತ್ರ ಹಾಕಿ ಒಣದಾಗಿ ಮಾಡಿದರೆ ಮಾವಿನಕಾಯಿಗೂ ಮುಳ್ಳುಸೌತೆಗೂ ಬರುತ್ತದೆ.

ಸಿಪ್ಪೆ ತೆಗೆದ ಬೀಜವೂ ಸಿಗುತ್ತದೆ, ಎರಡು ಮೂರು ಪಟ್ಟು ಬೆಲೆಗೆ. ಅದು ಮೆತ್ತಗೆ, ಬೆಣ್ಣೆಯ ರುಚಿ, ಹಲ್ಲಿಲ್ಲದ ಹಿರಿಯರಿಗೂ ಗಂಜಿಯಲ್ಲಿ ಕದಡಿ ಕೊಡಬಹುದು, ಅರೆಯುವ ಸೋಸುವ ಕೆಲಸ ಇಲ್ಲ. ಪ್ರೋಟೀನ್ ಲೆಕ್ಕಕ್ಕೆ ಅದೇ ಮೇಲು: 100 ಗ್ರಾಂಗೆ ಸುಮಾರು 31 ಗ್ರಾಂ ಪ್ರೋಟೀನ್, 49 ಗ್ರಾಂ ಕೊಬ್ಬು. ಸಿಪ್ಪೆ ಸಹಿತ ಬೀಜದಲ್ಲಿ ಪ್ರೋಟೀನ್ ಅದಕ್ಕಿಂತ ಕಡಿಮೆ, ನಾರು ಬಹಳ ಹೆಚ್ಚು. ಆದರೆ ಹುರಿದ ಪರಿಮಳ ಬರುವುದು ಬಹುಪಾಲು ಸಿಪ್ಪೆಯಿಂದಲೇ. ಸಿಪ್ಪೆ ಹೋದ ಬೀಜ ಯಾವ ಬೆಟ್ಟದ್ದಾದರೂ ಒಂದೇ ತರಹ ಸಪ್ಪೆ. ಊರ ತಳಿಯ ರುಚಿಗಾಗಿ ಹಣ ಕೊಡುವವರು ಸಿಪ್ಪೆ ಸಹಿತವೇ ಕೊಳ್ಳಬೇಕು. ಬೀಜದ ಎಣ್ಣೆ ಹಸಿಯಾಗಿ ಸಲಾಡಿಗೆ, ಬೇಯಿಸಿದ ಬೇಳೆಯ ಮೇಲೆ ಒಂದು ಚಮಚ ಹಾಕಲು ಮಾತ್ರ. ಕಾಯಿಸಬಾರದು. ನಮ್ಮ ಊಟಕ್ಕೆ ಅದರ ಅಗತ್ಯ ಕಾಣುವುದಿಲ್ಲ.

ಪೊಟ್ಟಣದ ಹಿಂದೆ ಬರೆದಿರುವ ಗುಣಗಾನದ ಬಗ್ಗೆ. ಒಮೆಗಾ 6 ಮತ್ತು ಒಮೆಗಾ 3 ಸುಮಾರು 3:1 ಪ್ರಮಾಣದಲ್ಲಿವೆ, ಮೆಗ್ನೀಸಿಯಂ ಹೇರಳವಾಗಿದೆ, ಇದಿಷ್ಟು ನಿಜ. ಸಕ್ಕರೆ ಕಾಯಿಲೆ ಗುಣವಾಗುತ್ತದೆ, ಗಂಟುನೋವು ಹೋಗುತ್ತದೆ, ನಿದ್ದೆ ಬರುತ್ತದೆ ಎಂಬುದೆಲ್ಲ ಬೀಜಕ್ಕೆ ಸೇರಿದ ಮಾತಲ್ಲ. ಇಂಥ ಮಾತು ಬರೆದು ಮಾರುವವರು ಬೆಟ್ಟದ ರೈತರಿಗೂ ಕೊಳ್ಳುವ ಜನರಿಗೂ ಅನ್ಯಾಯ ಮಾಡುತ್ತಿದ್ದಾರೆ, ಏಕೆಂದರೆ ಮೂರು ತಿಂಗಳು ತಿಂದು ಗುಣ ಕಾಣದವರು ಮತ್ತೆ ಕೊಳ್ಳುವುದಿಲ್ಲ, ಒಳ್ಳೆಯ ಚಟ್ನಿಯ ಬೀಜವೊಂದು ಸುಳ್ಳಿನ ಲೆಕ್ಕಕ್ಕೆ ಸೇರಿಹೋಗುತ್ತದೆ. ದಿನಕ್ಕೆ ಒಂದೆರಡು ದೊಡ್ಡ ಚಮಚ ಸಾಕು. ಎಣ್ಣೆ, ನಾರು ಎರಡೂ ಹೆಚ್ಚಿರುವುದರಿಂದ ಒಮ್ಮೆಲೇ ಜಾಸ್ತಿ ತಿಂದರೆ ಹೊಟ್ಟೆ ಸಡಿಲಾಗುತ್ತದೆ. ಮೊದಲ ಸಲ ತಿನ್ನುವವರು ಅರ್ಧ ಚಮಚದಿಂದ ಶುರು ಮಾಡಿ, ಕೆಲವರಿಗೆ ಅಲರ್ಜಿ ಆಗುವುದುಂಟು.

ನಮ್ಮ ಹವೆಯಲ್ಲಿ ದೊಡ್ಡ ತೊಡಕು ಇಡುವುದು. ಒಣ ಚಳಿಯ ಊರಿನ ಮಣ್ಣಿನ ಮನೆಯಲ್ಲಿ ಡಬ್ಬದಲ್ಲಿ ತಿಂಗಳುಗಟ್ಟಲೆ ಕೆಡದ ಬೀಜ ಕರಾವಳಿಯ ಕಪಾಟಿನಲ್ಲಿ ಜೂನ್ ಬಂದರೆ ಕೆಲವೇ ವಾರಕ್ಕೆ ಕನರುತ್ತದೆ. ತೇವ ಹಿಡಿದು, ಸಿಪ್ಪೆಯ ಸಂದಿಯಿಂದ ಗಾಳಿ ತೂರಿ, ಒಳಗಿನ ಸೂಕ್ಷ್ಮ ಎಣ್ಣೆ ಕೆಡುತ್ತದೆ. ಸಾಗಣೆಯಲ್ಲಿ ಒಡೆದ ಬೀಜ ಎಲ್ಲಕ್ಕಿಂತ ಮೊದಲು ಕೆಟ್ಟು ಉಳಿದದ್ದಕ್ಕೂ ವಾಸನೆ ಹತ್ತಿಸುತ್ತದೆ, ಆದ್ದರಿಂದ ಒಡಕನ್ನು ಜರಡಿಯಲ್ಲೇ ತೆಗೆದು ಮೊದಲು ಬಳಸಿ. ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ, ಹಸಿಯಾಗಿಯೇ, ಫ್ರಿಜ್ಜಿನಲ್ಲಿಡಿ. ಫ್ರೀಜರ್ ಇನ್ನೂ ಒಳ್ಳೆಯದು. ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ, ಭರಣಿ ಹೊರಗಿನ ಬಿಸಿಗೆ ಬರುವ ತನಕ ಕಾಯಿರಿ, ಇಲ್ಲದಿದ್ದರೆ ಒಳಗೆ ನೀರು ಕಟ್ಟುತ್ತದೆ. ಎಲ್ಲವನ್ನೂ ಒಮ್ಮೆಲೇ ಹುರಿದಿಡುವುದು ಸುಲಭವೆನಿಸಿದರೂ ಹುರಿದ ಬೀಜ ಹಸಿಯದಕ್ಕಿಂತ ಬೇಗ ಕನರುತ್ತದೆ, ಒಂದು ವಾರಕ್ಕೆ ಬೇಕಾದಷ್ಟೇ ಹುರಿಯಿರಿ. ಬೂಷ್ಟು ಕಂಡರೆ ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವುದು ಬೇಡ, ಪೂರ್ತಿ ಸುಟ್ಟುಹಾಕಿ.

ಕೊಳ್ಳುವ ಸಮಯವೂ ಇದರಿಂದಲೇ ತೀರ್ಮಾನವಾಗುತ್ತದೆ. ಬೆಟ್ಟದಲ್ಲಿ ಕೊಯ್ಲು ಅಕ್ಟೋಬರ್, ನವೆಂಬರ್‌ನಲ್ಲಿ. ಹೊಸ ಬೀಜ ಪೊಟ್ಟಣವಾಗಿ ಇಲ್ಲಿಗೆ ಬರುವಾಗ ಜನವರಿ. ಆಗ ಕಾಲು ಕಿಲೋ ತರಿಸಿ ಮೇ ಕೊನೆಯೊಳಗೆ ಮುಗಿಸುವುದು ಉತ್ತಮ. ಹೆಚ್ಚಿನ ಪೊಟ್ಟಣಗಳಲ್ಲಿ ತುಂಬಿದ ತಿಂಗಳು ಇರುತ್ತದೆ, ಕೊಯ್ದ ತಿಂಗಳು ಇರುವುದಿಲ್ಲ. ಈ ಮಾಲಿನ ಮೇಲೆ ನಮ್ಮ ಮುಖ್ಯ ದೂರು ಅದೇ. ಆರ್ಡರ್ ಮಾಡುವ ಮೊದಲು ಕೇಳಿ, ಯಾವ ಜಿಲ್ಲೆಯದು, ಯಾವ ವರ್ಷದ ಬೆಳೆ ಎಂದು ಹೇಳಲು ಬಾರದವರಿಂದ ಕೊಳ್ಳಬೇಡಿ. ಒಂದು ಕಿಲೋ ತೆಗೆದರೆ ಅಗ್ಗ ಎಂಬ ಲೆಕ್ಕ ನಮ್ಮ ಹವೆಯಲ್ಲಿ ನಡೆಯುವುದಿಲ್ಲ, ನಾಲ್ಕು ಮನೆಯವರು ಕೂಡಿ ಹಂಚಿಕೊಳ್ಳುವುದಾದರೆ ಮಾತ್ರ.

ಇನ್ನೊಂದು ಎಚ್ಚರಿಕೆ ನಮ್ಮ ಜಿಲ್ಲೆಯ ಪ್ರತಿ ಮನೆಗೂ ಸಂಬಂಧಿಸಿದ್ದು. ಗಲ್ಫಿನಲ್ಲಿರುವ ಮಕ್ಕಳಿಗೆ ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿ ಕಳಿಸುವ ರೂಢಿ ಇದೆ. ಅಲ್ಲಿ ಕಸಕಸೆಗೇ ಜನ ಸಿಕ್ಕಿಬಿದ್ದಿದ್ದಾರೆ. ಈ ಬೀಜವನ್ನಾಗಲಿ, ಇದರ ಪುಡಿಯನ್ನಾಗಲಿ, ಎಣ್ಣೆಯನ್ನಾಗಲಿ ಆ ಪೆಟ್ಟಿಗೆಗೆ ಹಾಕಲೇಬೇಡಿ. ಇಲ್ಲಿ ಬಿಲ್ಲು ಇದೆ, ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆ ಎಂಬುದು ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ರಜೆಗೆ ಬಂದವರು ತಿರುಗಿ ಹೋಗುವ ಮುನ್ನಿನ ವಾರಗಳಲ್ಲಿ ಇದನ್ನು ತಿನ್ನದಿರುವುದೂ ಒಳ್ಳೆಯದು, ಕೆಲಸದ ಜಾಗದಲ್ಲಿ ಮೂತ್ರ ಪರೀಕ್ಷೆ ಇರುವವರಂತೂ ಮುಟ್ಟಬಾರದು. ಸರಿಯಾಗಿ ತೊಳೆಯದ ಬೀಜದ ಅಂಟಿನ ಲವಲೇಶವೂ ಪರೀಕ್ಷೆಯಲ್ಲಿ ಕಾಣಿಸಬಹುದು. ಅವರ ಪೆಟ್ಟಿಗೆಗೆ ಹೋಗುವ ಚಟ್ನಿಪುಡಿಯನ್ನು ಎಳ್ಳಿನಲ್ಲೇ ಮಾಡಿ, ಭಂಗಿ ಬೀಜ ಪುಡಿ ಮಾಡಿದ ಜಾರನ್ನು ಅದಕ್ಕೆ ಬಳಸಬೇಡಿ.